ಕುಪ್ಪಗದ್ದೆಯ ತಾಮ್ರಪಟಕ್ಕೆ ಫಿಲ್ಟರ್ ಬೇಕಾಗಿರಲಿಲ್ಲ

1/8
ಜನಮೇಜಯ ಯಾರು ಅಂತ ನಿಮಗೆ ಗೊತ್ತು. ಪರೀಕ್ಷಿತನ ಮಗ, ಅಭಿಮನ್ಯುವಿನ ಮೊಮ್ಮಗ. ಅಪ್ಪನನ್ನು ತಕ್ಷಕ ಕಚ್ಚಿದ ಸಿಟ್ಟಿಗೆ ಸರ್ಪಯಾಗ ಮಾಡಿಸಿದವನು. ಈ ಜನಮೇಜಯ ನಮ್ಮ ಸೊರಬ ತಾಲ್ಲೂಕಿನ ಕುಪ್ಪಗದ್ದೆಯಲ್ಲಿ ಜಮೀನು ದಾನ ಕೊಟ್ಟಿದ್ದಾನೆ ಅಂದ್ರೆ ನಂಬ್ತೀರಾ? ಶಿಕಾರಿಪುರ ತಾಲ್ಲೂಕಿನ ಬೇಗೂರಿನಲ್ಲೂ ಕೊಟ್ಟಿದ್ದಾನಂತೆ. ಬಿದನೂರು ಸೀಮೆಯ ಗೌಜ ಅಗ್ರಹಾರದಲ್ಲೂ. ಮೂರಕ್ಕೂ ದಾಖಲೆ ಇದೆ, ತಾಮ್ರದ ಹಾಳೆಯ ಮೇಲೆ ಕೊರೆದದ್ದು.

ಹಸ್ತಿನಾಪುರದ ಅರಸ ದಂಡಯಾತ್ರೆಗೆಂದು ದಕ್ಷಿಣಕ್ಕೆ ಬಂದ, ತುಂಗಭದ್ರೆ ಮತ್ತು ಹರಿದ್ರಾ ಸೇರುವ ಜಾಗದಲ್ಲಿ, ಹರಿಹರ ದೇವರ ಸನ್ನಿಧಿಯಲ್ಲಿ ಸರ್ಪಯಾಗ ಮಾಡಿದ, ಆಗ ಬ್ರಾಹ್ಮಣರಿಗೆ ಭೂಮಿ ಕೊಟ್ಟ. ಪಟಗಳ ಒಟ್ಟು ಕತೆ ಇಷ್ಟು. ಓದಿದರೆ ರೋಮಾಂಚನ ಆಗುತ್ತೆ. ನಮ್ಮ ಊರ ಪಕ್ಕಕ್ಕೇ ಪಾಂಡವರ ಮರಿಮಗ!

ಎಐ ಬಂದ ಮೇಲೆ ಯಾವ ಫೋಟೋನೂ ನಂಬೋಕಾಗಲ್ಲ ಅಂತ ನಮ್ಮ ಕ್ಲಾಸ್ ಗ್ರೂಪಿನಲ್ಲಿ ವಾರಕ್ಕೊಮ್ಮೆ ಯಾರಾದರೂ ಹೇಳ್ತಾರೆ. ಅದಕ್ಕೇ ಈ ಸರಣಿಯನ್ನು ಫೋಟೋದಿಂದ ಶುರು ಮಾಡದೆ ತಾಮ್ರಪಟದಿಂದ ಶುರು ಮಾಡ್ತಿದ್ದೀನಿ. ಮೋಸದ ದಾಖಲೆ ನಮ್ಮ ಎರಡು ತಾಲ್ಲೂಕಿಗೆ ಹೊಸದೇನಲ್ಲ.

2/8
ಗೌಜದ ಪಟ ಸುದ್ದಿಯಾಗಿದ್ದು ಇನ್ನೂರು ವರ್ಷಕ್ಕೂ ಹಿಂದೆ. ಸಂಸ್ಕೃತ ವಿದ್ವಾಂಸ ಕೋಲ್‌ಬ್ರೂಕ್ 1800ರ ದಶಕದಲ್ಲೇ ಅದರ ಬಗ್ಗೆ ಬರೆದರು. ಪಟದಲ್ಲಿ ಗ್ರಹಣದ ಮಾತು ಬರುತ್ತೆ. ಗ್ರಹಣ ಅಂದರೆ ಗೊತ್ತಲ್ಲ, ಲೆಕ್ಕ ಹಾಕಿ ಹಿಡಿಯಬಹುದಾದ ವಿಷಯ. ಇಂಗ್ಲೆಂಡಿನ ರಾಜ ಖಗೋಳಜ್ಞ ಜಾರ್ಜ್ ಐರಿ ಲೆಕ್ಕ ಹಾಕಿ, ಅದು 1521ರ ಏಪ್ರಿಲ್ 7ರ ಸೂರ್ಯಗ್ರಹಣ ಅಂದರು. ಆಗ ವಿಜಯನಗರದಲ್ಲಿ ಕೃಷ್ಣದೇವರಾಯ ಆಳುತ್ತಿದ್ದ! ಆ ದಿನಾಂಕ ಸರಿಯೇ, ಪಟಗಳು ಅದಕ್ಕಿಂತ ಹಳೆಯವಾ ಅಂತ ವಿದ್ವಾಂಸರು ಆಮೇಲೂ ಜಗಳ ಆಡಿದ್ದಾರೆ. ಆದರೆ ಮಹಾಭಾರತದ ಜನಮೇಜಯ ಕೊಟ್ಟದ್ದಲ್ಲ ಅನ್ನುವುದರಲ್ಲಿ ಜಗಳ ಇಲ್ಲ.

ಗ್ರಹಣ ಬಿಡಿ, ಲಿಪಿ ನೋಡಿದರೇ ಸಾಕಿತ್ತು. ಅದು ನಾಗರಿ ಬಗೆಯದು, ಅಶೋಕನ ಬ್ರಾಹ್ಮಿಗಿಂತ ಎಷ್ಟೋ ಶತಮಾನ ಈಚಿನದು. ಜನಮೇಜಯನಿಗೆ ಹಚ್ಚಿರುವ ಬಿರುದುಗಳು ಚಾಲುಕ್ಯ ಕಾಲದ ಶಾಸನಗಳಲ್ಲಿ ಕಾಣುವಂಥವು. ಹರಿಹರದಲ್ಲಿ ಈಗಿರುವ ದೊಡ್ಡ ಗುಡಿ ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಸುಮಾರಿಗೆ ಕಟ್ಟಿಸಿದ್ದು. ಯಾರೋ ಕೂತು, ತಮಗೆ ಗೊತ್ತಿದ್ದ ರಾಜರ ಭಾಷೆಯಲ್ಲಿ, ತಮಗೆ ಗೊತ್ತಿದ್ದ ಪುಣ್ಯಕ್ಷೇತ್ರದಲ್ಲಿ, ಗೊತ್ತಿಲ್ಲದ ಕಾಲದ ರಾಜನನ್ನು ತಂದು ನಿಲ್ಲಿಸಿದ್ದಾರೆ.

ಯಾಕೆ ಮಾಡಿದರು? ಪಟದಲ್ಲೇ ಉತ್ತರ ಇದೆ: ಭೂಮಿ. ಅಗ್ರಹಾರದ ಗದ್ದೆ ಮೇಲೆ ಯಾರಾದರೂ ಅರಸ ಕಂದಾಯ ಕೇಳಲು ಬಂದರೆ, ಕಲಿಯುಗದ ಶುರುವಿನಿಂದಲೇ ಇದು ನಮ್ಮದು ಅಂತ ತೋರಿಸೋಕೆ ಇದಕ್ಕಿಂತ ಭಾರದ ಕಾಗದ ಬೇಕಾ?

ಇಂಥವಕ್ಕೆ ನಮ್ಮಲ್ಲಿ ಹಳೆಯ ಹೆಸರೇ ಇದೆ: ಕೂಟಶಾಸನ. ಉತ್ತರ ಪ್ರದೇಶದ ಮಧುಬನ್‌ನಲ್ಲಿ ಸಿಕ್ಕ ಹರ್ಷವರ್ಧನನ ತಾಮ್ರಪಟದಲ್ಲಿ (631ನೇ ಇಸವಿಯ ಸುಮಾರಿನದು) ಈ ಪದ ಬರುತ್ತೆ. ವಾಮರಥ್ಯ ಅನ್ನುವವನು ಕೂಟಶಾಸನ ತೋರಿಸಿ ಒಂದು ಹಳ್ಳಿ ಅನುಭವಿಸುತ್ತಿದ್ದ. ಹರ್ಷ ಆ ಪಟ ಮುರಿಸಿ, ಹಳ್ಳಿ ಕಿತ್ತು ಬೇರೆಯವರಿಗೆ ಕೊಟ್ಟ. ಖೋಟಾ ರಾಜಶಾಸನ ಬರೆಯುವವನಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತೆ. ಅಷ್ಟು ಕಠಿಣ ಶಿಕ್ಷೆ ಹೇಳಬೇಕಾಗಿ ಬಂದಿದೆ ಅಂದರೆ ಕಸುಬು ಎಷ್ಟು ಚೆನ್ನಾಗಿ ನಡೀತಿತ್ತು ಅಂತ ನೀವೇ ಲೆಕ್ಕ ಹಾಕಿ.

3/8
ಈಗ ಕ್ಯಾಮೆರಾ ಬರಲಿ.

1865ರಲ್ಲಿ ಮೇಜರ್ ಡಿಕ್ಸನ್ ಅನ್ನುವ ಮದ್ರಾಸ್ ಸೈನ್ಯದ ಅಧಿಕಾರಿ ಮೈಸೂರು ಸರ್ಕಾರಕ್ಕಾಗಿ 150 ಶಾಸನಗಳ ಫೋಟೋ ತೆಗೆದರು. ಚಿತ್ರದುರ್ಗ, ಹರಿಹರ, ನಮ್ಮ ಬಳ್ಳಿಗಾವಿ ಎಲ್ಲ ಅದರಲ್ಲಿದೆ. ಹೌದು, ಬಳ್ಳಿಗಾವಿಯ ಕಲ್ಲುಗಳು ಕ್ಯಾಮೆರಾ ಮುಂದೆ ನಿಂತು 160 ವರ್ಷ ಆಯ್ತು. ಆಗಿನ ಫೋಟೋ ಅಂದರೆ ಗಾಜಿನ ಹಲಗೆಗೆ ಅಂಟುದ್ರವ ಸವರಿ, ಬೆಳ್ಳಿಯ ಲವಣದಲ್ಲಿ ಅದ್ದಿ, ಒದ್ದೆ ಇರುವಾಗಲೇ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಎತ್ತಿನ ಗಾಡಿಯಲ್ಲಿ ಸಾಮಾನು ಹೊತ್ತು, ಮಲೆನಾಡ ಅಂಚಿನ ಈ ಊರಿಗೆ ಬಂದು ತೆಗೆದಿದ್ದಾರೆ. ಆ ಫೋಟೋಗಳನ್ನು ಓದಿ ಅನುವಾದಿಸುವ ಕೆಲಸ ಬಿ.ಎಲ್. ರೈಸ್ ಅವರಿಗೆ ಬಂತು. 1879ರಲ್ಲಿ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕ ಹೊರಬಂತು. ನಮ್ಮ ಜನಮೇಜಯನೂ ಅದರಲ್ಲಿದ್ದಾನೆ.

ಇಲ್ಲಿ ಸ್ವಲ್ಪ ನಿಲ್ಲಿ. ಖೋಟಾ ತಾಮ್ರಪಟದ ಫೋಟೋ ತೆಗೆದರೆ ಆ ಫೋಟೋ ಅಸಲಿಯೋ ನಕಲಿಯೋ? ಕ್ಯಾಮೆರಾ ಸುಳ್ಳು ಹೇಳಿಲ್ಲ. ಎದುರಿಗೆ ಇದ್ದದ್ದನ್ನೇ ತೋರಿಸಿದೆ. ಎದುರಿಗೆ ಇದ್ದದ್ದೇ ಸುಳ್ಳು.

ಇದು ಬರೀ ತರ್ಕದ ಆಟ ಅಂದ್ಕೋಬೇಡಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹಾಜರಾತಿ ಹಾಕೋಕೆ ಒಂದು ಆ್ಯಪ್ ಬಳಸ್ತಿದ್ದರು. ದಿನಕ್ಕೆ ಎರಡು ಸಲ ಕೆಲಸಗಾರರ ಫೋಟೋ, ಜಾಗ ಮತ್ತು ಸಮಯದ ಗುರುತಿನ ಸಮೇತ. 2025ರಲ್ಲಿ ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸುದ್ದಿ ಹೊರಬಂತು. ಗಂಡಸರು ಸೀರೆ ಉಟ್ಟು, ಮುಖದ ಮೇಲೆ ಸೆರಗು ಎಳೆದು ಸಾಲಾಗಿ ನಿಂತಿದ್ದಾರೆ. ಹೆಣ್ಣುಮಕ್ಕಳ ಕೂಲಿ ಯಾರದೋ ಪಾಲು. ಆ ಫೋಟೋವನ್ನು ಯಾವ ಲ್ಯಾಬಿಗೆ ಕೊಟ್ಟರೂ ಎಡಿಟ್ ಆಗಿಲ್ಲ ಅಂತಲೇ ಹೇಳ್ತಾರೆ. ಅದೇ ವರ್ಷ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಈ ಆ್ಯಪಿನ ದುರ್ಬಳಕೆಯ ಬಗೆಗಳನ್ನು ಪಟ್ಟಿ ಮಾಡಿ ರಾಜ್ಯಗಳಿಗೆ ಬರೆಯಿತು. ಅದರಲ್ಲಿ ಒಂದು, ಫೋಟೋದ ಫೋಟೋ ತೆಗೆದು ಹಾಕೋದು.

ಫೋಟೋಶಾಪ್ ಇಲ್ಲ, ಎಐ ಇಲ್ಲ. ಬರೀ ಸೀರೆ.

4/8
ಶಾಸನದ ಫೋಟೋ ತೆಗೆದು ನೋಡಿದವರಿಗೆ ಗೊತ್ತು: ಮಧ್ಯಾಹ್ನ ಹನ್ನೆರಡಕ್ಕೆ ಹೋದರೆ ಕಲ್ಲು ಬೋಳು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅದೇ ಕಲ್ಲಿನ ಮೇಲೆ ಸಾಲು ಸಾಲು ಅಕ್ಷರ ಎದ್ದು ಬರುತ್ತೆ. ಇನ್ನೊಂದು ವಿಚಿತ್ರ ಇದೆ. ಬೆಳಕು ಕೆಳಗಿನಿಂದ ಬಂದ ಫೋಟೋದಲ್ಲಿ ಕೊರೆದ ಅಕ್ಷರ ಉಬ್ಬಿದ ಹಾಗೆ ಕಾಣುತ್ತೆ. ಬೆಳಕು ಯಾವಾಗಲೂ ಮೇಲಿನಿಂದ ಅಂತ ನಮ್ಮ ಮೆದುಳು ತೀರ್ಮಾನಿಸಿಬಿಟ್ಟಿರುತ್ತೆ. ಫೋಟೋವನ್ನು ತಲೆಕೆಳಗು ಮಾಡಿ ನೋಡಿ, ಹಳ್ಳ ದಿಬ್ಬವಾಗುತ್ತೆ.

ಅಕ್ಷರ ಕಾಣದಿದ್ದಾಗ ಏನು ಮಾಡ್ತಿದ್ದರು? ಸೀಮೆಸುಣ್ಣ, ಹಿಟ್ಟು, ವಿಭೂತಿ, ಕೈಗೆ ಸಿಕ್ಕಿದ್ದನ್ನು ಗೆರೆಗಳಿಗೆ ತುಂಬುತ್ತಿದ್ದರು. ಈಗಲೂ ತುಂಬ್ತಾರೆ. ಫೋಟೋ ಬಹಳ ಚೆನ್ನಾಗಿ ಬರುತ್ತೆ. ಆದರೆ ಸುಣ್ಣ ತುಂಬಿದವನಿಗೆ ಹಳಗನ್ನಡ ಬರದಿದ್ದರೆ? ಬಿರುಕನ್ನು ಗೆರೆ ಅಂದುಕೊಂಡರೆ? ಸವೆದ ಒಂದು ಗೆರೆ ಬಿಟ್ಟುಹೋದರೆ? ಫೋಟೋ ನೋಡುವವನಿಗೆ ಕಾಣೋದು ಕಲ್ಲಿನ ಅಕ್ಷರವಲ್ಲ, ಸುಣ್ಣದವನ ಅಭಿಪ್ರಾಯ. ಸುಣ್ಣ ಕಲ್ಲಿಗೂ ಒಳ್ಳೆಯದಲ್ಲ, ದಯವಿಟ್ಟು ಹಚ್ಚಬೇಡಿ.

ಹಾಗಾಗಿ ಶಾಸನತಜ್ಞರು ಪಡಿಯಚ್ಚಿಗೆ ಅಂಟಿಕೊಂಡರು. ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು ಅಕ್ಷರದ ಹಳ್ಳಕ್ಕೆ ಕಾಗದ ಇಳಿಸಿ, ಮೇಲೆ ಮಸಿ ಒತ್ತೋದು. ಹಳ್ಳ ಬಿಳಿ, ಉಳಿದದ್ದು ಕಪ್ಪು. ಇದರ ಮೇಲೂ ಕೈಯಾಡಿಸಿ ಚಂದ ಮಾಡುವ ಚಪಲ ಆಗಿನವರಿಗಿತ್ತು. ತಿದ್ದದ, ಯಂತ್ರದಂತೆ ಬಂದ ಅಚ್ಚೇ ಬೇಕು ಅಂತ ಜೆ.ಎಫ್. ಫ್ಲೀಟ್ ಥರದವರು ಹಟ ಹಿಡಿದರು. ಫ್ಲೀಟ್ ಬಹಳ ಸಂಶಯದ ಮನುಷ್ಯ. 1901ರಲ್ಲಿ ಭಾರತದ ಖೋಟಾ ಶಾಸನಗಳ ದೊಡ್ಡ ಪಟ್ಟಿಯನ್ನೇ ಪ್ರಕಟಿಸಿದರು. ಗಂಗರ ತಾಮ್ರಪಟಗಳ ವಿಚಾರದಲ್ಲಿ ರೈಸ್‌ಗೂ ಅವರಿಗೂ ವರ್ಷಗಟ್ಟಲೆ ವಾಗ್ವಾದ ನಡೀತು. ನನಗೆ ರೈಸ್ ಕಂಡರೆ ಹೆಚ್ಚು ಪ್ರೀತಿ, ನಮ್ಮ ಊರೂರು ಅಲೆದವರು ಅವರು. ಆದರೆ ಫ್ಲೀಟ್ ಥರದ ಒಬ್ಬ ಇಲ್ಲದಿದ್ದರೆ ನಮ್ಮ ಇತಿಹಾಸದ ಪುಸ್ತಕದಲ್ಲಿ ಇನ್ನೂ ಎಷ್ಟು ಕೂಟಶಾಸನ ಕೂತಿರುತ್ತಿತ್ತೋ.

5/8
ತಾಳಗುಂದಕ್ಕೆ ಬನ್ನಿ. ಕುಪ್ಪಗದ್ದೆಯ ಪಟ ನಂಬಲ್ಲ, ತಾಳಗುಂದದ ಕಂಬ ನಂಬ್ತೀವಿ. ಯಾಕೆ? ಎರಡೂ ಯಾರೋ ಕೊರೆದದ್ದೇ ತಾನೆ?

ಪ್ರಣವೇಶ್ವರ ಗುಡಿ ಎದುರಿನ ಕಂಬವನ್ನು ರೈಸ್ 1890ರ ದಶಕದಲ್ಲಿ ಬೆಳಕಿಗೆ ತಂದರು. ಕದಂಬ ಶಾಂತಿವರ್ಮನ ಕಾಲದ್ದು, ಅಂದರೆ 5ನೇ ಶತಮಾನ. ಕುಬ್ಜ ಅನ್ನುವ ಕವಿ ಸಂಸ್ಕೃತದಲ್ಲಿ ರಚಿಸಿ ತಾನೇ ಕಲ್ಲಿನ ಮೇಲೆ ಬರೆದದ್ದು. ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದೋಕೆ ಹೋಗಿದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆಗಿದ್ದು, ದರ್ಭೆ ಹಿಡಿವ ಕೈಯಲ್ಲಿ ಕತ್ತಿ ಹಿಡಿದದ್ದು, ಎಲ್ಲ ನಮಗೆ ಗೊತ್ತಾಗಿದ್ದು ಈ ಕಂಬದಿಂದ. ವಿಯೆನ್ನಾದಲ್ಲಿದ್ದ ಬ್ಯೂಲರ್ ಇದರ ಮಹತ್ವವನ್ನು ಜಗತ್ತಿಗೆ ಹೇಳಿದರು, ಗೊಟ್ಟಿಂಗೆನ್‌ನಲ್ಲಿದ್ದ ಕೀಲ್‌ಹಾರ್ನ್ ಪೂರ್ತಿ ಪಾಠ ಸಂಪಾದಿಸಿದರು. ಇಬ್ಬರೂ ಕೂತಿದ್ದು ಯುರೋಪಿನಲ್ಲಿ. ಇಲ್ಲಿಂದ ಹೋದ ಕಾಗದದ ಅಚ್ಚು ನೋಡಿ ಓದಿದರು. ಅಂದರೆ ಅವರು ನಂಬಿದ್ದು ಕಲ್ಲನ್ನು ಮಾತ್ರ ಅಲ್ಲ, ಕಲ್ಲಿನಿಂದ ತಮ್ಮ ಮೇಜಿನ ತನಕ ಆ ಕಾಗದವನ್ನು ಮುಟ್ಟಿದ ಪ್ರತಿಯೊಂದು ಕೈಯನ್ನು.

ನಂಬೋಕೆ ಕಾರಣ ಇತ್ತು. ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಇಟ್ಟಂಥ ಆ ಅಕ್ಷರಗಳು ಬೇರೆ ಕದಂಬ ಶಾಸನಗಳ ಅಕ್ಷರಕ್ಕೆ ಹೊಂದುತ್ತವೆ. ಅದರಲ್ಲಿ ಬರುವ ರಾಜರು ಬೇರೆ ಊರಿನ, ಬೇರೆ ತಾಮ್ರಪಟಗಳಲ್ಲೂ ಬರ್ತಾರೆ. ಕಲ್ಲು ಇದ್ದಲ್ಲೇ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು, ಬೇರೆ ಥರ ಓದಬಹುದು. 1929ರಲ್ಲಿ ಎಂ.ಎಚ್. ಕೃಷ್ಣ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಹೆಸರಿನ ಇನ್ನೊಂದು ಶಾಸನ ಪತ್ತೆ ಮಾಡಿದರು. (ಅದು ಎಷ್ಟು ಸವೆದಿದೆ ಅಂದರೆ ಅವರು ಓದಿದ ರಾಜ್ಯಗಳ ಪಟ್ಟಿಯನ್ನು ನಂತರದವರು ಬೇರೆಯಾಗಿಯೇ ಓದಿದ್ದಾರೆ. ಕಲ್ಲು ಒಂದೇ, ಕಣ್ಣು ಬೇರೆ.) ಇತ್ತೀಚೆಗೆ ಪುರಾತತ್ವ ಇಲಾಖೆ ತಾಳಗುಂದದಲ್ಲೇ ಅಗೆದಾಗ ಸಿಂಹದ ಕೆತ್ತನೆಯ ಕಟಾಂಜನದ ಮೇಲೆ ಕನ್ನಡ ಪದಗಳ ಶಾಸನ ಸಿಕ್ಕಿತು. ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಅನ್ನುವ ವಾದ ಇದೆ. ಈ ವಾದಕ್ಕೂ ಅದೇ ಪರೀಕ್ಷೆ: ಲಿಪಿ ನೋಡಿ, ಮಣ್ಣಿನ ಪದರ ನೋಡಿ, ಬೇರೆಯವರು ಓದಲಿ.

ಶಾಸನ ಅಸಲಿ ಆದ ಮಾತ್ರಕ್ಕೆ ಅದರಲ್ಲಿರೋದೆಲ್ಲ ನಡೆದದ್ದು ಅಂತಲೂ ಅಲ್ಲ. ಮಯೂರ 18 ಅಶ್ವಮೇಧ ಮಾಡಿದ ಅಂತ ಎಷ್ಟೋ ಶತಮಾನದ ನಂತರದ ಕದಂಬರ ಶಾಸನಗಳು ಹೇಳ್ತವೆ. ಹೆಚ್ಚು ಹತ್ತಿರದ ಕಾಲದ ತಾಳಗುಂದದ ಕಂಬದಲ್ಲಿ ಆ ಹದಿನೆಂಟು ಇಲ್ಲ. ಫಾರ್ವರ್ಡ್ ಆಗ್ತಾ ಆಗ್ತಾ ಬೆಳೆದಿದೆ.

ಇನ್ನು ಮಯೂರನ ಮುಖ? ಯಾವ ಶಿಲ್ಪದಲ್ಲೂ ಅವನ ಕಾಲದ ಮುಖ ನಮಗೆ ಉಳಿದಿಲ್ಲ. ನಿಮ್ಮ ಕಣ್ಣ ಮುಂದೆ ಈಗ ಬಂದದ್ದು 1975ರ ಸಿನಿಮಾದ ರಾಜ್‌ಕುಮಾರ್. ಅದರಲ್ಲಿ ತಪ್ಪಿಲ್ಲ, ಅಣ್ಣಾವ್ರು ಅಂತ ಎಲ್ಲರಿಗೂ ಗೊತ್ತು. ಎಐ ಮಾಡಿದ ‘ಮಯೂರನ ನಿಜವಾದ ಮುಖ’ಕ್ಕೆ ಈ ಮರ್ಯಾದೆ ಇಲ್ಲ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ, ಇವರದ್ದೂ ಅಷ್ಟೇ ಕತೆ.

6/8
ಎಲ್ಲ ತಿದ್ದಿದ ಫೋಟೋನೂ ಮೋಸ ಅಲ್ಲ. ಇದನ್ನು ಹೇಳಲೇಬೇಕು.

ನಿಮ್ಮ ಅಜ್ಜಿ ಮನೆ ಗೋಡೆ ನೆನಪಿಸಿಕೊಳ್ಳಿ. ಅಜ್ಜ ಅಜ್ಜಿ ಪಕ್ಕಪಕ್ಕ ಕೂತ ದೊಡ್ಡ ಫೋಟೋ. ಹತ್ತಿರ ಹೋಗಿ ನೋಡಿದರೆ ಇಬ್ಬರ ಮೇಲಿನ ಬೆಳಕು ಬೇರೆ, ಅಜ್ಜ ಮೂವತ್ತರವನು, ಅಜ್ಜಿಗೆ ಅರವತ್ತು. ಅಜ್ಜ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಸ್ಟುಡಿಯೋದವರು ಯಾವುದೋ ಗ್ರೂಪ್ ಫೋಟೋದಿಂದ ಅವರನ್ನು ತೆಗೆದು ಕೂರಿಸಿರ್ತಾರೆ. ಕೋಟು ಇಲ್ಲದವರಿಗೆ ಕೋಟು ತೊಡಿಸಿರ್ತಾರೆ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮುಖದ ಸಿಡುಬಿನ ಕಲೆ ಅಳಿಸಿರ್ತಾರೆ. ಟಚಪ್ ಅಂತ ಹೆಸರು, ಅದಕ್ಕೆ ಬೇರೆ ರೇಟು. ಸ್ಟುಡಿಯೋದವರಿಗೆ ಗೊತ್ತು, ಮನೆಯವರಿಗೆ ಗೊತ್ತು, ನೋಡಲು ಬಂದ ನೆಂಟರಿಗೂ ಗೊತ್ತು. ಯಾರಿಗೂ ಮೋಸ ಆಗಿಲ್ಲ. ಆ ಫೋಟೋ ಎದುರು ದೀಪ ಹಚ್ಚುವ ಅಜ್ಜಿಯ ಕಣ್ಣೀರು ಅಸಲಿ.

ಅದೇ ಕೈಚಳಕ ಬೇರೆಯವರ ಮುಂದೆ, ಬೇರೆ ಉದ್ದೇಶಕ್ಕೆ ಹೋದಾಗ ಕತೆ ಬದಲಾಗುತ್ತೆ. 1858ರಲ್ಲಿ ಲಖನೌದ ಸಿಕಂದರ್ ಬಾಗ್‌ನಲ್ಲಿ ಫೆಲಿಸ್ ಬೀಟೋ ತೆಗೆದ ಫೋಟೋ ನೀವು ಪಠ್ಯಪುಸ್ತಕದಲ್ಲಿ ನೋಡಿರಬಹುದು. ಮುರಿದ ಕಟ್ಟಡದ ಮುಂದೆ ಬಂಡಾಯಗಾರರ ಎಲುಬುಗಳು ಚೆಲ್ಲಿವೆ. ಯುದ್ಧ ಆಗಿದ್ದು 1857ರ ನವೆಂಬರ್‌ನಲ್ಲಿ. ತಿಂಗಳುಗಳ ಮೇಲೆ ಬಂದ ಬೀಟೋ, ಚಿತ್ರಕ್ಕೆಂದು ಎಲುಬುಗಳನ್ನು ಹರಡಿಸಿದರು. ಸತ್ತವರು ನಿಜ, ಎಲುಬೂ ನಿಜ, ದೃಶ್ಯ ಮಾತ್ರ ಏರ್ಪಾಡಿನದು. ಸತ್ತವರನ್ನು ಯಾರೂ ಕೇಳಿರಲಿಲ್ಲ.

2023ರ ನವೆಂಬರ್‌ನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ ಹರಿಬಿಟ್ಟರಲ್ಲ, ಅಲ್ಲೂ ಇಬ್ಬರನ್ನೂ ಕೇಳಿರಲಿಲ್ಲ. ಎರಡು ತಿಂಗಳಿಗೆ ದೆಹಲಿ ಪೊಲೀಸರು ಮಾಡಿದವನನ್ನು ಹಿಡಿದರು. ಆಕೆ ಹೆಸರುವಾಸಿ, ಅದಕ್ಕೆ ದೇಶ ಮಾತಾಡಿತು. ನಮ್ಮ ಕಾಲೇಜಿನ ಯಾವುದೋ ಹುಡುಗಿಯ ಡಿಪಿ ತೆಗೆದು ಹೀಗೆ ಮಾಡಿದರೆ? ಮನೆಯವರು ಮೊದಲು ಕಿತ್ತುಕೊಳ್ಳೋದು ಅವಳ ಫೋನನ್ನ. ಆಮೇಲೆ ಕಾಲೇಜು. ಹಾಗಾಗದೆ ಇರಲಿ ಅಂತಲೇ ಹೇಳ್ತಿದ್ದೀನಿ: ಸೈಬರ್ ದೂರು ಪೋರ್ಟಲ್‌ನಲ್ಲಿ ಹೆಣ್ಣುಮಕ್ಕಳ, ಮಕ್ಕಳ ವಿರುದ್ಧದ ಅಪರಾಧಕ್ಕೆ ಪ್ರತ್ಯೇಕ ವಿಭಾಗವೇ ಇದೆ, ಸಹಾಯವಾಣಿ 1930. ಅಂಥ ಫೋಟೋ ನಿಮಗೆ ಬಂದರೆ ‘ನಿಜಾನಾ?’ ಅಂತ ಕೇಳೋಕೂ ಇನ್ನೊಬ್ಬರಿಗೆ ಕಳಿಸಬೇಡಿ.

7/8
ಈಗ ನನಗೆ ಹೆಚ್ಚು ಭಯ ಹುಟ್ಟಿಸೋದು ಡೀಪ್‌ಫೇಕ್ ಅಲ್ಲ, ‘ಎನ್‌ಹ್ಯಾನ್ಸ್’ ಬಟನ್.

ಸೊರಬ ತಾಲ್ಲೂಕಿನಲ್ಲಿ ನೂರಾರು ವೀರಗಲ್ಲು, ಶಾಸನ. ಕೆರೆ ಏರಿ, ಗದ್ದೆ ಬದು, ಗುಡಿ ಹಿಂದೆ. ಸವೆದ ವೀರಗಲ್ಲಿನ ಫೋಟೋ ತೆಗೆದು ಎಐ ಆ್ಯಪಿಗೆ ಹಾಕಿ ‘ಸ್ಪಷ್ಟ ಮಾಡು’ ಅಂದರೆ ಅದು ಏನು ಮಾಡುತ್ತೆ? ಕಾಣದ್ದನ್ನು ಕಾಣಿಸೋಕೆ ಅದಕ್ಕೂ ಆಗಲ್ಲ. ತಾನು ನೋಡಿರುವ ಲಕ್ಷಾಂತರ ಚಿತ್ರಗಳ ಮೇಲೆ ಊಹಿಸಿ, ಇರಬಹುದಾದ ಗೆರೆ ತುಂಬುತ್ತೆ. ವೀರನಿಗೆ ಮೀಸೆ ಬರುತ್ತೆ, ಕಣ್ಣು ಬರುತ್ತೆ. ಕೆಳಗಿನ ಸಾಲಲ್ಲಿ ಅಕ್ಷರದ ಥರ ಕಾಣುವ, ಯಾವ ಅಕ್ಷರವೂ ಅಲ್ಲದ ಗೀಟುಗಳು ಬರ್ತವೆ. ಸುಣ್ಣ ತುಂಬುವವನಾದರೂ ಕಲ್ಲಿನ ಮುಂದೆ ಕೂತಿದ್ದ! 2023ರಲ್ಲಿ ಸ್ಯಾಮ್‌ಸಂಗ್ ಫೋನಿನ ಚಂದ್ರನ ಬಗ್ಗೆ ಗಲಾಟೆ ಆಗಿದ್ದು ಇದಕ್ಕೇ. ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆ ಮೇಲೆ ಇಟ್ಟು ಫೋನಿನಲ್ಲಿ ತೆಗೆದರೆ, ಅದರಲ್ಲಿ ಇಲ್ಲದ ಕುಳಿಗಳು ಫೋಟೋದಲ್ಲಿ ಬಂದವು.

ಚಂದ್ರ ಹೋಗಲಿ. ವೀರಗಲ್ಲಿನಲ್ಲಿ ಒಬ್ಬರ ಮನೆತನದ ಹೆಸರು, ಒಂದು ಊರಿನ ಗಡಿ, ಒಂದು ಗುಡಿ ಯಾರದು ಅನ್ನುವ ಮಾತು ಇರುತ್ತೆ. ಆ್ಯಪ್ ಹುಟ್ಟಿಸಿದ ಒಂದು ಅಕ್ಷರವನ್ನು ಯಾರೋ ‘ಓದಿ’, ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿ, ‘ನೋಡಿ, ಕಲ್ಲಲ್ಲೇ ಬರೆದಿದೆ’ ಅಂದರೆ ಮುಗೀತು. ಜನಮೇಜಯನ ಪಟ ಮಾಡೋಕೆ ಸಂಸ್ಕೃತ ಬಲ್ಲವನೂ ಬೇಕಿತ್ತು, ತಾಮ್ರ ಬಡಿಯುವವನೂ ಬೇಕಿತ್ತು. ಇದಕ್ಕೆ ಇಬ್ಬರೂ ಬೇಡ.

ಅದರ ತಿರುವು ಮುರುವೂ ಇದೆ. ನಿಜವಾದ ಫೋಟೋ ತೋರಿಸಿದರೂ ‘ಏ, ಎಐ ಅದು’ ಅಂತ ತಳ್ಳಿಹಾಕೋದು. ಕೆರೆ ಒತ್ತುವರಿಯ ಫೋಟೋ, ಮರಳು ಲಾರಿಯ ಫೋಟೋ, ಯಾರೋ ಯಾರಿಗೋ ಹೊಡೆದ ವಿಡಿಯೋ. ತಪ್ಪು ಮಾಡಿದವನಿಗೆ ಇದಕ್ಕಿಂತ ಸುಲಭದ ಉತ್ತರ ಹಿಂದೆಂದೂ ಇರಲಿಲ್ಲ. ಹಾಗಾಗಿ ‘ಏನನ್ನೂ ನಂಬಬೇಡಿ’ ಅನ್ನುವ ಬುದ್ಧಿವಾದ ನನಗೆ ಹಿಡಿಸಲ್ಲ. ಅದು ಕೂಟಶಾಸನದವನಿಗೂ ಲಾಭ, ಒತ್ತುವರಿದಾರನಿಗೂ ಲಾಭ.

ಕೋರ್ಟು ಏನು ಮಾಡುತ್ತೆ ನೋಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಫೋನಿನ ಫೋಟೋ ಸಾಕ್ಷಿಯಾಗಿ ಕೊಡೋಕೆ ಒಂದು ಪ್ರಮಾಣಪತ್ರ ಬೇಕು. ಯಾವ ಸಾಧನ, ಯಾರ ವಶದಲ್ಲಿತ್ತು, ಜೊತೆಗೆ ಫೈಲಿನ ಹ್ಯಾಶ್ ಮೌಲ್ಯ. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಅಂದುಕೊಳ್ಳಿ, ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತೆ. ಗಮನಿಸಿ, ಕೋರ್ಟು ಬರೀ ಫೋಟೋವನ್ನು ಕೇಳ್ತಿಲ್ಲ, ಫೋಟೋ ಬಂದ ದಾರಿಯನ್ನು ಕೇಳ್ತಿದೆ. ಕೀಲ್‌ಹಾರ್ನ್ ಮೇಜಿಗೆ ತಾಳಗುಂದದ ಅಚ್ಚು ಹೋದ ದಾರಿ ಇದ್ದ ಹಾಗೆ. ನಾವು ಇಲ್ಲಿ ಅಪ್‌ಲೋಡ್ ಮಾಡಿದ ಫೋಟೋದಲ್ಲಿ ಆ ದಾರಿ ಅಳಿಸಿಹೋಗಿರುತ್ತೆ. ಸಮಯ, ಜಾಗ, ಕ್ಯಾಮೆರಾ ವಿವರವನ್ನೆಲ್ಲ ಇಂಥ ಆ್ಯಪ್‌ಗಳು ತೆಗೆದುಹಾಕ್ತವೆ. ಖಾಸಗಿತನಕ್ಕೆ ಒಳ್ಳೆಯದು, ಇತಿಹಾಸಕ್ಕೆ ನಷ್ಟ. ಮೂಲ ಫೈಲನ್ನು ಬೇರೆ ಕಡೆ ಇಟ್ಟುಕೊಳ್ಳಿ.

8/8
ಈ ಸರಣಿಯ ಫೋಟೋಗಳ ಬಗ್ಗೆ. ತಾಳಗುಂದದ ಕಂಬದ ಎರಡೂ ಫೋಟೋ ಒಂದೇ ದಿನದ್ದು, ಒಂದು ಮಧ್ಯಾಹ್ನ, ಇನ್ನೊಂದು ಸಂಜೆ ಐದರ ಸುಮಾರಿಗೆ. ಕ್ರಾಪ್ ಬಿಟ್ಟು ಬೇರೇನೂ ಮಾಡಿಲ್ಲ. ಆದರೆ ಫೋನು ತಾನೇ ಹಿಂದಿನಿಂದ ಸ್ವಲ್ಪ ಚೂಪು ಮಾಡಿರುತ್ತೆ, ಅದನ್ನು ಆಫ್ ಮಾಡೋಕೆ ಬರಲ್ಲ. ಬಳ್ಳಿಗಾವಿಯ ಗಂಡಭೇರುಂಡ ಕಂಬದ ಹಿಂದಿನ ಕರೆಂಟ್ ತಂತಿ ಹಾಗೇ ಬಿಟ್ಟಿದ್ದೀನಿ, ಅಳಿಸಿದ್ದರೆ ಚೆನ್ನಾಗಿ ಕಾಣ್ತಿತ್ತು. ವೀರಗಲ್ಲಿನ ಜೋಡಿ ಚಿತ್ರದಲ್ಲಿ ಎಡಗಡೆಯದು ಕ್ಯಾಮೆರಾದ್ದು, ಬಲಗಡೆಯದು ಎಐ ಆ್ಯಪ್ ‘ಸ್ಪಷ್ಟ’ ಮಾಡಿದ್ದು, ಚಿತ್ರದ ಮೇಲೇ ಬರೆದಿದ್ದೀನಿ. ಬಲಗಡೆಯದರ ಮೂರನೇ ಸಾಲು ಓದೋಕೆ ಪ್ರಯತ್ನಿಸಿ, ಆಮೇಲೆ ಎಡಗಡೆಯದರಲ್ಲಿ ಮೂರನೇ ಸಾಲು ಇದೆಯಾ ಅಂತ ಎಣಿಸಿ.